ಮಾರಿಕುಪ್ಪಂ ರೈಲು ನಿಲ್ದಾಣ: ಗಣಿ ಊರಿನ ಒಂದು ಸಾರ್ವಜನಿಕ ಸಂಸ್ಥೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆದು, ಬೆಮೆಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ಸಣ್ಣ ನಿಲ್ದಾಣಗಳಲ್ಲಿ ನಿಂತು ಸಾಗುವ 16 ಕಿಲೋಮೀಟರ್ ಉದ್ದದ ಶಾಖಾ ರೈಲು ಮಾರ್ಗ ಮುಗಿಯುವ ಜಾಗ ಮಾರಿಕುಪ್ಪಂ. ಶಾಖಾ ಮಾರ್ಗವೆಂದರೆ ದೊಡ್ಡ ಊರುಗಳನ್ನು ಕೂಡಿಸುವ ಮುಖ್ಯ ಹಾದಿಯಿಂದ ಬೇರೆಯಾಗಿ, ಒಂದು ಊರಿನ ಅಥವಾ ಒಂದು ಉದ್ಯಮದ ಸಲುವಾಗಿಯೇ ಹಾಕಿದ ಹಳಿ; ಆ ಉದ್ಯಮ ನಿಂತರೆ ಹಳಿಯೂ ಕಿತ್ತುಹೋಗುವುದು ಜಗತ್ತಿನ ಗಣಿ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಕಂಡುಬಂದಿರುವ ಸಂಗತಿ. ಕೋಲಾರ ಚಿನ್ನದ ಗಣಿಗಳು, ಅಂದರೆ ನಾಡಿನ ಜನ ಕೆಜಿಎಫ್ ಎಂದು ಕರೆಯುವ ಪ್ರದೇಶದ ಗಣಿಗಳು, 2001ರ ಫೆಬ್ರವರಿ 28ರಂದು ಮುಚ್ಚಿದವು. ಅವುಗಳಿಗಾಗಿಯೇ 1894ರಲ್ಲಿ ಬಂದ ಈ ಹಳಿ ಮಾತ್ರ ಉಳಿಯಿತು. ಬರಿದೇ ಉಳಿಯಲಿಲ್ಲ, ಗಣಿ ನಡೆಯುತ್ತಿದ್ದ ದಿನಗಳಲ್ಲಿ ತನಗಿಲ್ಲದಿದ್ದ ಒಂದು ಹೊಣೆಯನ್ನು ಹೊತ್ತುಕೊಂಡಿತು. ಕೆಜಿಎಫ್ ಕುರಿತ ಬರಹಗಳಲ್ಲಿ ಗಣಿಯ ಆಳ, ಚಿನ್ನದ ತೂಕ, ಬ್ರಿಟಿಷ್ ಕಂಪನಿಯ ಬಂಗಲೆಗಳು, ಮುಚ್ಚುವಿಕೆಯ ನೋವು ಇವುಗಳಿಗೆ ಪುಟಗಟ್ಟಲೆ ಜಾಗ ಸಿಕ್ಕಿದ್ದು, ರೈಲು ನಿಲ್ದಾಣಕ್ಕೆ ಹೆಚ್ಚೆಂದರೆ ಒಂದು ಸಾಲು ಸಿಕ್ಕಿದೆ. ಆಸ್ಪತ್ರೆ, ಶಾಲೆ, ಕಾರ್ಮಿಕ ಸಂಘಗಳನ್ನು ಊರಿನ ಸಂಸ್ಥೆಗಳೆಂದು ಎಣಿಸುವ ರೀತಿಯಲ್ಲಿಯೇ ಈ ನಿಲ್ದಾಣವನ್ನೂ ಎಣಿಸಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಹಳಿ ಬರುವ ಮೊದಲೇ ಈ ಸೀಮೆಯ ಹೆಸರು ದಾಖಲೆಗಳಲ್ಲಿತ್ತು. ಟಿಪ್ಪುವಿನ ಪತನದ ನಂತರ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ಸೀಮೆಯಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ವರದಿ ಬರೆದನು. ಏಳು ದಶಕಗಳ ಬಳಿಕ ಆ ವರದಿಯ ಜಾಡು ಹಿಡಿದು ಬಂದವನು ಬೆಂಗಳೂರಿನಲ್ಲಿ ನೆಲೆಸಿದ್ದ ಐರ್ಲೆಂಡ್ ಮೂಲದ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್. ಅವನಿಗೆ 1875ರಲ್ಲಿ ಗಣಿಗಾರಿಕೆಯ ಹಕ್ಕು ದೊರೆಯಿತು, ಬಂಡವಾಳ ದೊರೆಯಲಿಲ್ಲ. ಹಕ್ಕು ಕೈಯಿಂದ ಕೈಗೆ ದಾಟಿ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತಕ್ಕೆ ಬಂದ ಮೇಲೆಯೇ ಯಂತ್ರಗಳಿಂದ ಗಣಿ ತೋಡುವ ಕೆಲಸ ಆರಂಭವಾಯಿತು. ಹಾಕಿದ ಹಣವೆಲ್ಲ ಕರಗಿ ಷೇರುದಾರರು ಕೈಬಿಡುವ ಹಂತ ತಲುಪಿದ್ದಾಗ, ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಅಡಿಯಲ್ಲಿ ಚಾಂಪಿಯನ್ ಎಂದು ಹೆಸರಾದ ಚಿನ್ನದ ಎಳೆ, ಅಂದರೆ ಬಂಡೆಯ ನಡುವೆ ಪಟ್ಟಿಯಂತೆ ಹರಿದ ಅದಿರಿನ ಪದರ, ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಈ ಸೀಮೆಗೆ ಬೇಕಾಗಿದ್ದುದು ಯಂತ್ರ, ಇಂಧನ ಮತ್ತು ಆಳುಗಳು; ಮೂರೂ ಹೊರಗಿನಿಂದಲೇ ಬರಬೇಕಾಗಿದ್ದವು.

ಹೊರಗಿನಿಂದ ಬರುವ ದಾರಿ ಹತ್ತಿರದವರೆಗೆ ಆಗಲೇ ಇತ್ತು. ಮದರಾಸು ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಹಾಕಿದ್ದ ಮಾರ್ಗ 1864ರ ಆಗಸ್ಟ್‌ನಲ್ಲಿ ಸಂಚಾರಕ್ಕೆ ತೆರೆದುಕೊಂಡಿತ್ತು; ಅದರ ಮೇಲಿನ ಬೌರಿಂಗ್‌ಪೇಟೆ, ಅಂದರೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್‌ನ ಹೆಸರನ್ನು ಹೊತ್ತು ಮುಂದೆ ಬಂಗಾರಪೇಟೆಯಾದ ಊರು, ಗಣಿಗಳಿಗೆ ಅತ್ಯಂತ ಸಮೀಪದ ರೈಲು ಸಂಪರ್ಕವಾಗಿತ್ತು. ಮದರಾಸು ಬಂದರಿನಲ್ಲಿ ಇಳಿದ ಬಾಯ್ಲರು, ಪಂಪು, ಉಕ್ಕಿನ ಹಗ್ಗಗಳು ಬೌರಿಂಗ್‌ಪೇಟೆಯವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಮುಂದೆ ಎತ್ತಿನ ಗಾಡಿಗಳಲ್ಲಿ ಸಾಗಬೇಕಾಗಿತ್ತು. ಉಳಿದಿದ್ದ ದೂರ ಹತ್ತು ಮೈಲಿ ಮಾತ್ರ, ಆದರೆ ಟನ್ನುಗಟ್ಟಲೆ ತೂಗುವ ಎರಕದ ಕಬ್ಬಿಣಕ್ಕೆ ಹತ್ತು ಮೈಲಿಯ ಮಣ್ಣಿನ ಹಾದಿ ಸಣ್ಣದೇನೂ ಅಲ್ಲ. ಗಣಿಗಳು ಲಾಭಕ್ಕೆ ತಿರುಗಿ, ಮೈಸೂರು ಸರ್ಕಾರಕ್ಕೆ ರಾಜಧನ ಬರತೊಡಗಿದ ಮೇಲೆ ಈ ಹತ್ತು ಮೈಲಿಗೆ ಹಳಿ ಹಾಕುವ ವಿಚಾರ ಗಟ್ಟಿಯಾಯಿತು. ರಾಜಧನವೆಂದರೆ ನೆಲದೊಳಗಿನ ಖನಿಜದ ಒಡೆತನಕ್ಕಾಗಿ ಗಣಿ ಕಂಪನಿ ಸಂಸ್ಥಾನಕ್ಕೆ ಉತ್ಪನ್ನದ ಒಂದು ಪಾಲಾಗಿ ಸಲ್ಲಿಸುವ ಮೊತ್ತ. ಮೈಸೂರಿನ ಬೊಕ್ಕಸಕ್ಕೆ ಇದು ಬಹುಕಾಲ ಮುಖ್ಯ ಆದಾಯಗಳಲ್ಲಿ ಒಂದಾಗಿತ್ತು.

ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಅವಧಿಯಲ್ಲಿ, 1894ರಲ್ಲಿ, ಕೋಲಾರ ಗೋಲ್ಡ್ ಫೀಲ್ಡ್ಸ್ ರೈಲ್ವೆ ಎಂಬ ಹೆಸರಿನ ಈ ಮಾರ್ಗ ತೆರೆಯಿತು. ಒಡೆತನ ಮೈಸೂರು ಸಂಸ್ಥಾನದ್ದು, ಗಾಡಿ ಓಡಿಸುವ ಹೊಣೆ ಮದರಾಸು ರೈಲ್ವೆಯದು. ಇದರ ಗೇಜನ್ನು ವಿಶೇಷವಾಗಿ ಗಮನಿಸಬೇಕು. ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ. 1,676 ಮಿಲಿಮೀಟರ್ ಅಂತರವುಳ್ಳದ್ದು ಬ್ರಾಡ್ ಗೇಜ್, 1,000 ಮಿಲಿಮೀಟರಿನದು ಮೀಟರ್ ಗೇಜ್, ಅದಕ್ಕಿಂತ ಕಿರಿದಾದುದು ನ್ಯಾರೋ ಗೇಜ್. ಬೆಂಗಳೂರಿನಿಂದ ಮೈಸೂರಿಗೆ ಸಂಸ್ಥಾನ ತಾನೇ ಹಾಕಿಸಿದ ಹಳಿ ಮೀಟರ್ ಗೇಜಿನದಾಗಿತ್ತು, ಏಕೆಂದರೆ ಅದರ ಖರ್ಚು ಕಡಿಮೆ. ಚಿನ್ನದ ಗಣಿಯ ಹತ್ತು ಮೈಲಿಗೆ ಮಾತ್ರ ಹೆಚ್ಚು ಖರ್ಚಿನ ಬ್ರಾಡ್ ಗೇಜನ್ನು ಆರಿಸಿದ್ದರ ಹಿಂದೆ ಸರಳವಾದ ಲೆಕ್ಕಾಚಾರವಿತ್ತು: ಗೇಜ್ ಬದಲಾದ ಕಡೆ ಒಂದು ವ್ಯಾಗನ್ನಿನ ಸರಕನ್ನು ಇಳಿಸಿ ಇನ್ನೊಂದಕ್ಕೆ ಏರಿಸಬೇಕು, ಗೇಜ್ ಒಂದೇ ಆಗಿದ್ದರೆ ಮದರಾಸು ಬಂದರಿನಲ್ಲಿ ತುಂಬಿದ ವ್ಯಾಗನ್ನು ನೇರವಾಗಿ ಗಣಿಯ ಅಂಗಳಕ್ಕೇ ಬರುತ್ತದೆ. ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರಕ್ಕೆ ಬೌರಿಂಗ್‌ಪೇಟೆಯಿಂದ ರೈಲು ಬಂದದ್ದು 1913ರಲ್ಲಿ, ಅದೂ ನ್ಯಾರೋ ಗೇಜಿನಲ್ಲಿ. ಜಿಲ್ಲಾ ಕೇಂದ್ರಕ್ಕಿಂತ ಸುಮಾರು ಎರಡು ದಶಕ ಮೊದಲು, ಅದಕ್ಕಿಂತ ಅಗಲವಾದ ಹಳಿ ಗಣಿಗೆ ಬಂದಿತ್ತೆಂಬುದು ಅಂದಿನ ಆದ್ಯತೆಗಳ ಬಗ್ಗೆ ಯಾವ ಆಡಳಿತ ವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಆ ಆಯ್ಕೆಯ ಫಲವನ್ನು ಇಂದು ಉಣ್ಣುತ್ತಿರುವವರು ಕಾರ್ಮಿಕರ ಮಕ್ಕಳು ಮೊಮ್ಮಕ್ಕಳೆಂಬುದನ್ನೂ ಮರೆಯುವಂತಿಲ್ಲ. ಅಂದು ಅಗ್ಗದ ಕಿರುಹಳಿ ಹಾಕಿದ್ದರೆ ಒಂದು ಶತಮಾನದ ನಂತರ ಮಾರಿಕುಪ್ಪಂನಿಂದ ಬೆಂಗಳೂರಿಗೆ ನೇರ ಗಾಡಿ ಓಡಿಸುವುದು ಅಷ್ಟು ಸಲೀಸಾಗುತ್ತಿರಲಿಲ್ಲ.

ಈ ಮಾರ್ಗದ ಸರಕು ಸಾಗಣೆಗೆ ಒಂದು ವೈಲಕ್ಷಣ್ಯವಿತ್ತು. ಕಲ್ಲಿದ್ದಲಿನ ಅಥವಾ ಕಬ್ಬಿಣದ ಅದಿರಿನ ಗಣಿಗೆ ಹಾಕಿದ ಹಳಿಯಲ್ಲಿ ವ್ಯಾಗನ್ನುಗಳು ಖಾಲಿ ಬಂದು ತುಂಬಿ ಹೋಗುತ್ತವೆ, ಏಕೆಂದರೆ ಅಲ್ಲಿ ಅಗೆದುದೇ ಸರಕು. ಚಿನ್ನದ ಗಣಿಯಲ್ಲಿ ಒಂದು ಟನ್ ಬಂಡೆಯಿಂದ ಸಿಗುವುದು ಕೆಲವೇ ಗ್ರಾಂ ಲೋಹವಾದ್ದರಿಂದ ಅದಿರನ್ನು ಹೊರಗೆ ಸಾಗಿಸುವ ಪ್ರಶ್ನೆಯೇ ಇರಲಿಲ್ಲ. ಅದನ್ನು ಅಲ್ಲಿಯೇ ಸ್ಟ್ಯಾಂಪ್ ಮಿಲ್ಲುಗಳಲ್ಲಿ, ಅಂದರೆ ಭಾರವಾದ ಉಕ್ಕಿನ ಒನಕೆಗಳು ಸಾಲಾಗಿ ಏರಿಳಿದು ಕಲ್ಲನ್ನು ಹುಡಿ ಮಾಡುವ ಗಿರಣಿಗಳಲ್ಲಿ ಪುಡಿಮಾಡಿ, ಪಾದರಸದಿಂದಲೂ ಮುಂದೆ ಸೈನೈಡ್ ದ್ರಾವಣದಿಂದಲೂ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಹೀಗಾಗಿ ಯಂತ್ರ, ಇಂಧನ, ಸುರಂಗದ ಮೇಲ್ಭಾಗಕ್ಕೆ ಆಸರೆ ಕೊಡುವ ಮರದ ತೊಲೆಗಳು, ಸಿಡಿಮದ್ದು, ರಾಸಾಯನಿಕ, ಅಕ್ಕಿ ಬೇಳೆ ಎಲ್ಲವೂ ಒಳಕ್ಕೆ ಬಂದವು, ಹೊರಕ್ಕೆ ಹೋದ ಸರಕಿಗೆ ಬೆಲೆ ಅಪಾರವಿದ್ದರೂ ತೂಕ ಲೆಕ್ಕಕ್ಕಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನವೆಲ್ಲ ಸೇರಿ ಸುಮಾರು 800 ಟನ್. ಆ ಮೊತ್ತವನ್ನು ಸಾಗಿಸಲು ಇಂದಿನ ಒಂದೇ ಒಂದು ಸರಕು ಗಾಡಿ ಸಾಕು. ಚಿನ್ನ ಹೋದ ಮೇಲೆ ಉಳಿದ ಬಂಡೆಯ ಹುಡಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮೂರು ಕೋಟಿ ಟನ್ನಿಗೂ ಮಿಕ್ಕ ಆ ಹುಡಿ ಸೈನೈಡ್ ದಿಬ್ಬಗಳೆಂಬ ಹೆಸರಿನಲ್ಲಿ ಊರಿನ ನಡುವೆಯೇ ಗುಡ್ಡವಾಗಿ ನಿಂತಿದ್ದು, ಬೇಸಗೆಯ ಗಾಳಿಗೆ ಅದರ ದೂಳು ಇಂದಿಗೂ ಮನೆಗಳನ್ನು ಹೊಕ್ಕುತ್ತದೆ.

ಒಳಬರುವ ಸರಕಿನಲ್ಲಿಯೂ ಕಾಲಕ್ಕೆ ತಕ್ಕ ಬದಲಾವಣೆಗಳಾದವು. ಮೊದಮೊದಲಿಗೆ ಗಣಿಯ ಎಲ್ಲ ಯಂತ್ರಗಳೂ ಉಗಿಯಿಂದ ನಡೆಯುತ್ತಿದ್ದು, ಸೌದೆ ಮತ್ತು ಕಲ್ಲಿದ್ದಲಿನ ಹಸಿವು ಅಳತೆ ಮೀರಿತ್ತು. 1902ರ ಜೂನ್‌ನಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ತಂತಿಯ ಮೂಲಕ, ಅಂದಿನ ಕಾಲಕ್ಕೆ ಅತಿ ಉದ್ದದ ವಿದ್ಯುತ್ ಪ್ರಸರಣ ಮಾರ್ಗಗಳಲ್ಲಿ ಒಂದಾದ ವ್ಯವಸ್ಥೆಯ ಮೂಲಕ, ಗಣಿಗಳಿಗೆ ವಿದ್ಯುತ್ತು ಹರಿದು ಬಂದಿತು. ರೈಲು ಬಂದ ಎಂಟೇ ವರ್ಷಗಳಲ್ಲಿ ಅದರ ದೊಡ್ಡ ಸರಕುಗಳಲ್ಲೊಂದು ತಂತಿಯ ಪಾಲಾಗತೊಡಗಿತೆಂಬುದನ್ನು ರೈಲ್ವೆಯ ದೃಷ್ಟಿಯಿಂದ ನಷ್ಟವೆನ್ನಬಹುದಾದರೂ, ಅದೇ ವಿದ್ಯುತ್ತಿನ ಬಲದಿಂದ ಗಣಿಗಳು ಇನ್ನಷ್ಟು ಆಳಕ್ಕೆ ಇಳಿದು ಊರು ಬೆಳೆದು, ಮಾರ್ಗಕ್ಕೆ ಬೇರೊಂದು ಬಗೆಯ ಗಿರಾಕಿಗಳು ಸಿಕ್ಕರು.

ಆ ಗಿರಾಕಿಗಳು ಕಾರ್ಮಿಕರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ, ಬಹುಪಾಲು ಭೂಮಿಯಿಲ್ಲದ ದಲಿತ ಕುಟುಂಬಗಳಿಂದ ಬಂದ ತಮಿಳು ಮತ್ತು ತೆಲುಗು ಮಾತಿನ ಜನ ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಿಸಿ ಗಣಿಯ ಹಳಿ ಹತ್ತಿದರು. ಕೆಜಿಎಫ್‌ನ ಬೀದಿಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಕೇಳಿಬರುವುದರ ಕಾರಣವನ್ನು ಅರಿಯಬೇಕಾದರೆ ಜೋಲಾರಪೇಟೆಯ ಕಡೆಯಿಂದ ಬಂದ ಮದರಾಸು ರೈಲ್ವೆಯ ನಕ್ಷೆಯನ್ನು ಒಮ್ಮೆ ನೋಡಿದರೆ ಸಾಕು. ಬಂದವರಿಗೆ ಕಂಪನಿ ಕಟ್ಟಿಸಿಕೊಟ್ಟ ವಸತಿಯನ್ನು ಲೈನು ಎನ್ನುತ್ತಿದ್ದರು: ಒಂದಕ್ಕೊಂದು ತಾಗಿದ, ಮೊದಲಲ್ಲಿ ಬಿದಿರು ತಟ್ಟಿಯ ಗೋಡೆಯಿದ್ದ ಸಣ್ಣ ಮನೆಗಳ ಸಾಲು. ಲೈನುಗಳು ಗಣಿಯ ಬಾಯಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿದ್ದುದರಿಂದ ಸುರಂಗಕ್ಕಿಳಿಯುವವರಲ್ಲಿ ಬಹಳಷ್ಟು ಮಂದಿಗೆ ಕೆಲಸಕ್ಕೆ ಹೋಗಲು ರೈಲಿನ ಅಗತ್ಯವಿರಲಿಲ್ಲ. ಶಿಫ್ಟು ಬದಲಾವಣೆಯ ಹೊತ್ತನ್ನು ಸಾರುತ್ತಿದ್ದುದು ಗಣಿಯ ಸಂಗು, ಅಂದರೆ ಸೈರನ್ನು. ರೈಲಿನ ವೇಳಾಪಟ್ಟಿ ಅದರ ಹಿಂದಿನ ಸಾಲಿನಲ್ಲಿತ್ತು. ಹಬ್ಬಕ್ಕೆ, ಮದುವೆಗೆ, ಸಾವಿಗೆ ಹುಟ್ಟೂರಿಗೆ ಹೋಗಿಬರುವವರು, ಬೌರಿಂಗ್‌ಪೇಟೆ ಮತ್ತು ಅದರ ಸುತ್ತಲಿನ ಹಳ್ಳಿಗಳಿಂದ ದಿನವೂ ಬರುವ ಕೂಲಿಗಳು, ಕಚೇರಿಯ ಗುಮಾಸ್ತರು, ತರಕಾರಿ ಹಾಲು ಮಾರುವವರು, ಶಾಲೆ ಕಾಲೇಜಿನ ಮಕ್ಕಳು ಇವರೇ ಅಂದಿನ ಪ್ರಯಾಣಿಕರು.

ಮಾರ್ಗದ ಕೊನೆಯ ಭಾಗದಲ್ಲಿ ನಿಲ್ದಾಣಗಳು ಎರಡು ಮೂರು ಕಿಲೋಮೀಟರಿಗೊಂದರಂತೆ ಬರುವುದು ಈ ಶಾಖೆಯ ಇನ್ನೊಂದು ವಿಶೇಷ. ಗ್ರಾಮೀಣ ಪ್ರದೇಶದ ಮಾರ್ಗಗಳಲ್ಲಿ ನಿಲ್ದಾಣಗಳ ನಡುವಿನ ಅಂತರ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು. ಇಷ್ಟು ಒತ್ತಾದ ನಿಲುಗಡೆ ಕಾಣುವುದು ಮುಂಬಯಿ, ಚೆನ್ನೈಗಳ ಉಪನಗರ ರೈಲಿನಲ್ಲಿ. ಕಾರಣ ನೆಲದೊಳಗಿತ್ತು. ಚಾಂಪಿಯನ್ ಎಳೆ ಉತ್ತರ ದಕ್ಷಿಣವಾಗಿ ಹರಿದಿದ್ದು, ಅದರ ಮೇಲೆ ಕೋರಮಂಡಲ್, ಬಾಲಾಘಾಟ್, ನಂದಿದುರ್ಗ, ಉರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳು ಸಾಲಾಗಿ ತೆರೆದಿದ್ದವು. ಪ್ರತಿ ಗಣಿಯೂ ಬೇರೆ ಕಂಪನಿಯಾಗಿದ್ದು ಅದಕ್ಕೆ ತನ್ನದೇ ಅಂಗಳ, ಉಗ್ರಾಣ, ಲೈನುಗಳಿದ್ದವು. ಹಳಿ ಆ ಸಾಲನ್ನೇ ಹಿಡಿದು ಹೋಗಿ, ಮೈಸೂರು ಗಣಿಯ ಬಳಿ, ಮಾರಿಕುಪ್ಪಂನಲ್ಲಿ ನಿಂತಿತು. ಭೂಗರ್ಭದ ರಚನೆಯೇ ಮೇಲಿನ ನಿಲ್ದಾಣಗಳ ಅಂತರವನ್ನು ಗೊತ್ತುಮಾಡಿದ ಇಂಥ ಉದಾಹರಣೆ ಕರ್ನಾಟಕದಲ್ಲಿ ಮತ್ತೊಂದು ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಉಪನಗರ ರೈಲಿನ ಮಾತೇ ಹುಟ್ಟದಿದ್ದ ಕಾಲದಲ್ಲಿ ಕೆಜಿಎಫ್‌ಗೆ ಅಂಥದೊಂದು ರೈಲು ಯಾರೂ ಆ ಹೆಸರಿನಿಂದ ಕರೆಯದೆಯೇ ದೊರೆತಿತ್ತು.

ಆಡಳಿತದ ಇತಿಹಾಸವನ್ನು ಬೇಗ ಹೇಳಿ ಮುಗಿಸಬಹುದು. ಮದರಾಸು ರೈಲ್ವೆಯ ಈ ಭಾಗ 1908ರಲ್ಲಿ ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆಯಲ್ಲಿ ಸೇರಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ರೂಪುಗೊಂಡಾಗ ಅದರ ಅಂಗವಾಯಿತು. ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು 2003ರಲ್ಲಿ ಕೆಲಸ ಆರಂಭಿಸಿದ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದಲ್ಲಿ ಈಗ ಇದೆ. ಗಣಿಗಳನ್ನು ಮೈಸೂರು ರಾಜ್ಯ ಸರ್ಕಾರ 1956ರಲ್ಲಿ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಒಪ್ಪಿಸಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ದಿಮೆ ಹುಟ್ಟಿತು. ಇವೆಲ್ಲದರ ನಡುವೆ, 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಲಿಮಿಟೆಡ್, ಜನರ ಬಾಯಲ್ಲಿ ಬೆಮೆಲ್, ನೆಲ ಅಗೆದು ಸಮ ಮಾಡುವ ಭಾರಿ ಯಂತ್ರಗಳ ಕಾರ್ಖಾನೆಯನ್ನು ಕೆಜಿಎಫ್‌ನಲ್ಲಿ ತೆರೆದು ಗಣಿ ಊರಿಗೆ ಎರಡನೆಯ ಉದ್ಯಮವನ್ನು ಒದಗಿಸಿತು. ಸುರಂಗಕ್ಕಿಳಿದವರ ಮಕ್ಕಳು ಅಲ್ಲಿ ಫಿಟ್ಟರು, ವೆಲ್ಡರು, ಟರ್ನರುಗಳಾದರು. ಬೆಮೆಲ್ ನಗರ ಎಂಬ ನಿಲುಗಡೆ ಆ ಕಾರ್ಖಾನೆಯ ನೆರಳಿನಲ್ಲಿ ಹುಟ್ಟಿದ್ದು.

ಇತ್ತ ಗಣಿಗಳು ಆಳದ ಬೆಲೆ ತೆರುತ್ತಿದ್ದವು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮೀರಿ ಕೆಳಕ್ಕೆ ಇಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯನ್ನು ತಡೆಯಲು ತಂಪುಗೊಳಿಸಿದ ಗಾಳಿಯನ್ನು ಕಳುಹಿಸಬೇಕು, ಒಸರುವ ನೀರನ್ನು ಮೇಲೆತ್ತಬೇಕು, ಒತ್ತಡದಿಂದ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ರಾಕ್ ಬರ್ಸ್ಟ್ ಎಂಬ ಅಪಾಯವನ್ನು ಎದುರಿಸಬೇಕು. ಇದೇ ಆಳವನ್ನು ಭೌತವಿಜ್ಞಾನಿಗಳು ಬಳಸಿಕೊಂಡು, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಇಲ್ಲಿ ಪತ್ತೆಹಚ್ಚಿತು. ವಿಜ್ಞಾನದ ಚರಿತ್ರೆಯಲ್ಲಿ ಕೆಜಿಎಫ್ ಹೆಸರು ಉಳಿದಿರುವುದು ಚಿನ್ನದಿಂದಲ್ಲ, ಈ ಪ್ರಯೋಗದಿಂದ. ಆದರೆ ಅದಿರಿನ ಚಿನ್ನದ ಅಂಶ ಇಳಿಯುತ್ತ, ತೆಗೆಯುವ ವೆಚ್ಚ ಏರುತ್ತ ಹೋದಾಗ ನಷ್ಟ ಬೆಳೆಯಿತು. 1992ರಲ್ಲಿ ಸಂಸ್ಥೆಯ ಪ್ರಕರಣ ಬಿಐಎಫ್‌ಆರ್ ಮುಂದೆ, ಅಂದರೆ ರೋಗಗ್ರಸ್ತ ಉದ್ದಿಮೆಗಳನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ನಿರ್ಧರಿಸುತ್ತಿದ್ದ ಮಂಡಳಿಯ ಮುಂದೆ ಹೋಯಿತು; ಒಂಬತ್ತು ವರ್ಷಗಳ ಬಳಿಕ ಗಣಿಗಳು ಮುಚ್ಚಿದವು.

ಕೇವಲ ಒಂದು ಉದ್ಯಮವನ್ನು ನಂಬಿದ ಊರಿನಲ್ಲಿ ಆ ಉದ್ಯಮ ನಿಂತಾಗ ಜನ ಊರು ಬಿಡುತ್ತಾರೆಂಬುದು ಸಾಮಾನ್ಯ ನಿರೀಕ್ಷೆ. ಕೆಜಿಎಫ್‌ನಿಂದಲೂ ಹಲವು ಕುಟುಂಬಗಳು ಹೊರಟುಹೋದವು, ಆದರೆ ಊರು ಬರಿದಾಗಲಿಲ್ಲ. 2011ರ ಜನಗಣತಿಯ ಹೊತ್ತಿಗೂ ಪಟ್ಟಣದ ಜನಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತ್ತು. ಇದಕ್ಕೆ ಬೆಮೆಲ್ ಒಂದು ಕಾರಣ, ಲೈನು ಮನೆಗಳನ್ನು ಬಿಡದೆ ಉಳಿದ ಕಾರ್ಮಿಕ ಕುಟುಂಬಗಳ ಛಲ ಇನ್ನೊಂದು. ಇವೆರಡಕ್ಕೂ ಸಮನಾಗಿ ನಿಲ್ಲುವ ಮೂರನೆಯ ಕಾರಣ ಮಾರಿಕುಪ್ಪಂನಿಂದ ಬೆಳಕು ಹರಿಯುವ ಮೊದಲೇ ಹೊರಡುವ ರೈಲು. ಗಣಿ ಮುಚ್ಚಿದ ಕಾಲಕ್ಕೆ ಸರಿಯಾಗಿ ಬೆಂಗಳೂರು ಪೂರ್ವ ದಿಕ್ಕಿಗೆ ಹಬ್ಬತೊಡಗಿತ್ತು. ವೈಟ್‌ಫೀಲ್ಡಿನ ತಂತ್ರಜ್ಞಾನ ಉದ್ಯಾನ 1990ರ ದಶಕದಲ್ಲಿ ಎದ್ದು ನಿಂತಿತ್ತು. ಹೂಡಿ, ಮಹದೇವಪುರ, ಕೃಷ್ಣರಾಜಪುರದ ಸುತ್ತ ಕಟ್ಟಡಗಳ ಕೆಲಸ, ಕಾರ್ಖಾನೆ, ಆಸ್ಪತ್ರೆ, ಅಂಗಡಿ ಸಂಕೀರ್ಣ, ಕಾಲ್ ಸೆಂಟರುಗಳು ಬೆಳೆಯುತ್ತಿದ್ದವು. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಹಳಿ ಟೇಕಲ್, ಮಾಲೂರು, ದೇವನಗೊಂದಿ ದಾಟಿದೊಡನೆ ವೈಟ್‌ಫೀಲ್ಡ್, ಹೂಡಿ, ಕೃಷ್ಣರಾಜಪುರ, ಬೈಯಪ್ಪನಹಳ್ಳಿಗಳನ್ನೇ ಹಾದುಹೋಗುತ್ತದೆ. ಇದೇ ದೂರದಲ್ಲಿ ಬೆಂಗಳೂರಿನ ಬೇರೆ ದಿಕ್ಕಿನಲ್ಲಿರುವ ಊರಿನವರು ನಗರದ ನಡುವನ್ನು ದಾಟಿ ತಲುಪಬೇಕಾದ ಉದ್ಯೋಗದ ತಾಣಗಳು ಕೆಜಿಎಫ್‌ನವರಿಗೆ ನಗರದೊಳಕ್ಕೆ ಹೋಗುವ ಮೊದಲೇ, ಅವರದೇ ರೈಲಿನ ನಿಲ್ದಾಣಗಳಲ್ಲಿ ಸಿಕ್ಕವು. ಕೆಜಿಎಫ್ ಉಳಿದುದರಲ್ಲಿ ಭೂಗೋಳದ ಈ ಪಾಲನ್ನು ಕಡೆಗಣಿಸಿದರೆ ವಿವರಣೆ ಅಪೂರ್ಣವಾಗುತ್ತದೆ.

ಆದರೆ ಹಳಿ ಇದ್ದ ಮಾತ್ರಕ್ಕೆ ದಿನವೂ ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ಅಷ್ಟೇ ದೂರ ಮರಳುವುದು ಕೂಲಿಯವರಿಗೆ ಎಟಕುವ ಮಾತಲ್ಲ. ಅದನ್ನು ಎಟಕುವಂತೆ ಮಾಡಿದ್ದು ಸೀಜನ್ ಟಿಕೆಟ್ಟು, ಪ್ರಯಾಣಿಕರ ಮಾತಿನಲ್ಲಿ ಪಾಸು. ಎರಡು ನಿಲ್ದಾಣಗಳ ನಡುವೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆಲೇ ಹಣ ಕಟ್ಟಿ, ಆ ಅವಧಿಯಲ್ಲಿ ಎಷ್ಟು ಬಾರಿಯಾದರೂ ಓಡಾಡಬಹುದಾದ ಈ ಟಿಕೆಟ್ಟಿನ ದರ ದಿನದಿನದ ಟಿಕೆಟ್ಟುಗಳ ಒಟ್ಟು ಮೊತ್ತಕ್ಕಿಂತ ಬಹಳ ಕಡಿಮೆ. ಭಾರತೀಯ ರೈಲ್ವೆ ಇದನ್ನು 150 ಕಿಲೋಮೀಟರಿನವರೆಗಿನ ದೂರಕ್ಕೆ ಕೊಡುತ್ತದೆ. ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮತ್ತು ಮುಂಗಡ ಕೊಡಲಾಗದವರು, ಮಾರಿಕುಪ್ಪಂ ಅಥವಾ ಚಾಂಪಿಯನ್ನಿನ ಹಳೆಯ ಲೈನು ಮನೆಯಲ್ಲಿ ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುತ್ತ, ನಗರದ ಕೂಲಿಯನ್ನು ಗಳಿಸಿ ಊರಿನ ಅಂಗಡಿಯಲ್ಲಿ ಖರ್ಚು ಮಾಡುವುದು ಸಾಧ್ಯವಾದದ್ದು ಈ ರಿಯಾಯಿತಿಯಿಂದ. ಗಣಿ ಮುಚ್ಚಿದ ನಂತರ ಪುನರ್ವಸತಿಯ ಬಗ್ಗೆ ಹಲವು ಯೋಜನೆಗಳ ಮಾತು ನಡೆದಿದೆ. ಅವುಗಳ ಸಾಲಿನಲ್ಲಿ ಯಾರೂ ಹೆಸರಿಸದ ಸೀಜನ್ ಟಿಕೆಟ್ಟು ಅವುಗಳಲ್ಲಿ ಹಲವಕ್ಕಿಂತ ಹೆಚ್ಚು ಮನೆಗಳ ಒಲೆ ಉರಿಸಿದೆ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. 2001ರ ಮಾರ್ಚ್‌ನಿಂದ ಮುಂದಕ್ಕೆ ಈ ಶಾಖೆಯ ನಿಲ್ದಾಣಗಳಲ್ಲಿ ತಿಂಗಳು ತಿಂಗಳೂ ಮಾರಾಟವಾದ ಪಾಸುಗಳ ಲೆಕ್ಕವನ್ನು ಕ್ರಮವಾಗಿ ಜೋಡಿಸಿದರೆ, ಒಂದು ಗಣಿ ಊರು ಹೇಗೆ ಮಹಾನಗರದ ಹೊರವಲಯವಾಯಿತೆಂಬುದರ ಅತ್ಯಂತ ನಿಖರವಾದ ಚಿತ್ರ ಸಿಗುತ್ತದೆ. ಗಣಿಯ ನಕ್ಷೆಗಳನ್ನು ಕಾಪಿಡಬೇಕೆಂಬ ಕಾಳಜಿ ಇರುವವರು ಟಿಕೆಟ್ ಕೌಂಟರಿನ ಪುಸ್ತಕಗಳ ಬಗ್ಗೆಯೂ ಅಷ್ಟೇ ಕಾಳಜಿ ತೋರಬೇಕು. ಕಾರ್ಮಿಕ ಇತಿಹಾಸದ ದಾಖಲೆ ಎರಡರಲ್ಲಿಯೂ ಇದೆ.

ಮಾರಿಕುಪ್ಪಂ ತುದಿ ನಿಲ್ದಾಣವಾಗಿರುವುದರಿಂದ ಅಲ್ಲಿಯ ಕೆಲಸದ ರೀತಿ ಹಾದಿನಡುವಿನ ನಿಲ್ದಾಣದಂತಲ್ಲ. ಎಂಜಿನ್ ಎಳೆಯುವ ಗಾಡಿ ತುದಿಗೆ ಬಂದು ನಿಂತರೆ ಎಂಜಿನ್ನು ಮುಂದೆ, ಬೋಗಿಗಳು ಹಿಂದೆ ಇರುತ್ತವೆ. ಮರಳಿ ಹೊರಡಬೇಕಾದರೆ ಎಂಜಿನ್ನನ್ನು ಕಳಚಿ, ಪಕ್ಕದ ಲೂಪ್ ಹಳಿಯ ಮೇಲೆ ಬೋಗಿಗಳನ್ನು ಬಳಸಿಕೊಂಡು ಇನ್ನೊಂದು ತುದಿಗೆ ತಂದು ಜೋಡಿಸಿ, ಬ್ರೇಕಿನ ಕೊಳವೆಗಳನ್ನು ಕೂಡಿಸಿ ಪರೀಕ್ಷಿಸಬೇಕು. ಮೆಮು ಗಾಡಿಗಳು ಈ ಶ್ರಮವನ್ನು ತಪ್ಪಿಸಿದವು. ಮೆಮು ಎಂದರೆ ಬೇರೆ ಎಂಜಿನ್ನಿಲ್ಲದೆ, ಬೋಗಿಗಳಲ್ಲಿಯೇ ಅಳವಡಿಸಿದ ವಿದ್ಯುತ್ ಮೋಟಾರುಗಳಿಂದ ಓಡುವ, ಎರಡೂ ತುದಿಗಳಲ್ಲಿ ಚಾಲಕನ ಕೋಣೆಯುಳ್ಳ ಗಾಡಿ. ಚಾಲಕ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದುಹೋದರೆ ಗಾಡಿ ತಿರುಗಿದಂತೆಯೇ. ಹತ್ತಿರ ಹತ್ತಿರದ ನಿಲುಗಡೆಗಳಲ್ಲಿ ಬೇಗ ನಿಂತು ಬೇಗ ವೇಗ ಹಿಡಿಯುವ ಗುಣವೂ ಇದಕ್ಕಿರುವುದರಿಂದ ಈ ಶಾಖೆಗೆ ಹೇಳಿ ಮಾಡಿಸಿದಂತಿದೆ. ಮಾರಿಕುಪ್ಪಂನವರಿಗೆ ತುದಿ ನಿಲ್ದಾಣದಿಂದ ಸಿಗುವ ದೊಡ್ಡ ಅನುಕೂಲವೆಂದರೆ ಕೂರಲು ಜಾಗ. ಗಾಡಿ ಖಾಲಿಯಾಗಿ ಇಲ್ಲಿಂದಲೇ ಹೊರಡುವುದರಿಂದ ಇಲ್ಲಿಯೂ ಚಾಂಪಿಯನ್ನಿನಲ್ಲಿಯೂ ಹತ್ತುವವರಿಗೆ ಸೀಟು ಸಿಗುತ್ತದೆ, ಬಂಗಾರಪೇಟೆಯ ಹೊತ್ತಿಗೆ ಬೋಗಿ ತುಂಬುತ್ತದೆ, ಮಾಲೂರಿನವರು ಬಾಗಿಲಲ್ಲಿ ನಿಲ್ಲುತ್ತಾರೆ. ಎರಡು ಗಂಟೆಗೂ ಮೀರಿದ ಪ್ರಯಾಣದ ನಂತರ ಇಡೀ ದಿನ ನಿಂತು ಕೆಲಸ ಮಾಡಬೇಕಾದ ಸೆಕ್ಯುರಿಟಿ ಗಾರ್ಡಿಗೆ, ನರ್ಸಿಗೆ, ಗಾರೆ ಕೆಲಸದವನಿಗೆ, ಮನೆಯ ಅಡುಗೆ ಮುಗಿಸಿ ಬಂದ ಹೆಣ್ಣುಮಗಳಿಗೆ ಆ ಸೀಟು ಬೆಳಗಿನ ಉಳಿದ ನಿದ್ದೆಯೂ ಹೌದು.

ಅಪ್ ಅಂಡ್ ಡೌನ್ ಮಾಡುವವರೆಂದು ಕರೆಸಿಕೊಳ್ಳುವ ಈ ನಿತ್ಯ ಪ್ರಯಾಣಿಕರ ಬದುಕು ವೇಳೆಯ ಮೇಲೆ ನಿಂತಿದೆ. ಒಂಟಿ ಹಳಿಯ ಮಾರ್ಗದಲ್ಲಿ ಎದುರು ಬದುರಾಗಿ ಬರುವ ಎರಡು ಗಾಡಿಗಳು ನಿಲ್ದಾಣಗಳಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವಾದ್ದರಿಂದ, ಶಾಖೆಯಲ್ಲಿ ಓಡಿಸಬಹುದಾದ ಗಾಡಿಗಳ ಸಂಖ್ಯೆಗೆ ಮಿತಿಯಿದೆ. ಬಂಗಾರಪೇಟೆಯಾಚೆ ಜೋಡಿ ಹಳಿಯಿದ್ದರೂ ಅದು ಬೆಂಗಳೂರು ಮತ್ತು ಚೆನ್ನೈ ನಡುವಿನ ಹೆದ್ದಾರಿಯಂತಹ ಮಾರ್ಗ. ದೂರದ ಎಕ್ಸ್‌ಪ್ರೆಸ್ ಗಾಡಿಗಳಿಗೆ ಆದ್ಯತೆ ಕೊಡುವಾಗ ಕೆಲಸಗಾರರ ಗಾಡಿ ವೈಟ್‌ಫೀಲ್ಡಿನ ಅಥವಾ ಮಾಲೂರಿನ ಲೂಪಿನಲ್ಲಿ ಕಾಯಬೇಕಾಗುತ್ತದೆ. ಇಪ್ಪತ್ತು ನಿಮಿಷದ ವಿಳಂಬ ರೈಲ್ವೆಯ ಅಂಕಿಅಂಶದಲ್ಲಿ ಸಣ್ಣದು, ಹಾಜರಿ ಪುಸ್ತಕದಲ್ಲಿ ಅರ್ಧ ದಿನದ ಕೂಲಿ. ಬೆಂಗಳೂರು ದಂಡು ಮತ್ತು ವೈಟ್‌ಫೀಲ್ಡ್ ನಡುವೆ ಕೈಗೊಂಡಿರುವ ನಾಲ್ಕು ಹಳಿಗಳ ಕಾಮಗಾರಿ ಈ ಕಾರಣಕ್ಕಾಗಿ ಕೆಜಿಎಫ್‌ಗೆ ಸೇರಿದ ವಿಷಯವೂ ಹೌದು. 2023ರಲ್ಲಿ ಮೆಟ್ರೊದ ನೇರಳೆ ಮಾರ್ಗ ಕೃಷ್ಣರಾಜಪುರದ ಮೂಲಕ ವೈಟ್‌ಫೀಲ್ಡಿನವರೆಗೆ ತೆರೆದ ಮೇಲೆ, ರೈಲಿನಿಂದ ಇಳಿದವರು ಬಸ್ಸಿಗಾಗಿ ಕಾಯುವ ಹೊತ್ತು ಬಹಳಷ್ಟು ಮಂದಿಗೆ ಉಳಿಯಿತು. ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಪಾರಿಜಾತ ಎಂಬ ಹೆಸರಿನದು ಕೆಂಗೇರಿಯಿಂದ ಬಂದು ವೈಟ್‌ಫೀಲ್ಡಿನಲ್ಲಿ ನಿಲ್ಲಲಿದೆ. ಗಾಡಿ ತುಂಬತೊಡಗುವುದು ವೈಟ್‌ಫೀಲ್ಡಿನಲ್ಲಲ್ಲ, ಅದಕ್ಕೂ ಅರವತ್ತು ಕಿಲೋಮೀಟರಿನಷ್ಟು ಆಚೆ ಎಂಬ ಸಂಗತಿ ಯೋಜನೆ ರೂಪಿಸುವವರ ಗಮನಕ್ಕೆ ಬರಬೇಕಾಗಿದೆ.

ಮಾರಿಕುಪ್ಪಂನಿಂದ ಹಳಿಯನ್ನು ಮುಂದುವರಿಸಿ, ಆಂಧ್ರಪ್ರದೇಶದ ಕುಪ್ಪಂ ಬಳಿ ಮತ್ತೆ ಮುಖ್ಯ ಮಾರ್ಗಕ್ಕೆ ಸೇರಿಸುವ ಸುಮಾರು 24 ಕಿಲೋಮೀಟರಿನ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದೆ. ಅದು ಪೂರ್ಣಗೊಂಡರೆ 1894ರಿಂದ ತುದಿಯಾಗಿದ್ದ ನಿಲ್ದಾಣ ಹಾದುಹೋಗುವ ನಿಲ್ದಾಣವಾಗುತ್ತದೆ. ಜೋಲಾರಪೇಟೆ, ಚೆನ್ನೈಗಳ ಕಡೆಗೆ ನೇರ ದಾರಿ ತೆರೆಯುತ್ತದೆ. ನೂರು ವರ್ಷಗಳ ಹಿಂದೆ ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಿಸಿ ಬಂದವರ ಮೊಮ್ಮಕ್ಕಳು ಹುಟ್ಟೂರಿನ ಕಡೆಗೆ ಸುತ್ತು ಹಾಕದೆ ಹೋಗಬಹುದು. ಊರಿನ ವ್ಯಾಪಾರಕ್ಕೂ ವಿದ್ಯಾರ್ಥಿಗಳಿಗೂ ಇದರಿಂದ ಒಳಿತಾಗುವುದು ಖಂಡಿತ, ಅದನ್ನು ಸ್ವಾಗತಿಸಲೇಬೇಕು. ಆದರೆ ವೇಳಾಪಟ್ಟಿ ಬರೆಯುವಾಗ ಒಂದು ವಿಷಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅಗತ್ಯ: ಬೆಳಗಿನ ಗಾಡಿಗಳು ಕುಪ್ಪಂ ಕಡೆಯಿಂದ ತುಂಬಿ ಬರತೊಡಗಿದರೆ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂಗಳ ಕೆಲಸಗಾರರು ಇಷ್ಟು ಕಾಲ ಅನುಭವಿಸಿದ ಸೀಟನ್ನು ಕಳೆದುಕೊಳ್ಳುತ್ತಾರೆ. ಹೊಸ ಮಾರ್ಗದಲ್ಲಿ ಎಷ್ಟೇ ಗಾಡಿಗಳು ಓಡಲಿ, ಬೆಂಗಳೂರಿಗೆ ಹೋಗುವ ಬೆಳಗಿನ ಮೆಮುಗಳಲ್ಲಿ ಕೆಲವನ್ನಾದರೂ ಮಾರಿಕುಪ್ಪಂನಿಂದಲೇ ಖಾಲಿಯಾಗಿ ಹೊರಡಿಸುವ ಕ್ರಮವನ್ನು, ಅದಕ್ಕೆ ಬೇಕಾದ ಲೂಪ್ ಹಳಿ ಮತ್ತು ಪ್ಲಾಟ್‌ಫಾರ್ಮನ್ನು, ಯೋಜನೆಯ ನಕ್ಷೆಯಲ್ಲಿಯೇ ಉಳಿಸಿಕೊಳ್ಳಬೇಕು.